ಮೇಲಿನಂತೆ

ಸುಲ್ತಾನಪೇಟೆ, ಎರಡನೇ ಮಹಡಿ.
ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು.
ಆಫ್‌ಸೆಟ್ ಮೆಷೀನು ಆಗಲೇ ಗುಜರಿಗೆ ಹೋಯಿತು,
ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಬಿಟ್ಟು.
ಪುಖರಾಜ್ ಸೇಟು ಪೆನ್‌ಡ್ರೈವ್ ಕೈಗಿಟ್ಟರು:
"ಸರ್ವಮಂಗಳಾ, ಇಪ್ಪತ್ತೆರಡು ವರ್ಷ ಇದರೊಳಗೆ ಹಿಡಿಸಬೇಕು."
ಹುಣಸೆಬೀಜಕ್ಕಿಂತ ಒಂಚೂರು ದೊಡ್ಡದು.

ಹಿಡಿಸೋಣ ಬಿಡಿ, ಅಂದೆ.
ಕಾಮಾಕ್ಷಿಪಾಳ್ಯದ ಬಸ್ಸಿನ ಕಂಡಕ್ಟರು ದಿನಾ ಹಿಡಿಸುತ್ತಾನೆ,
"ಒಳಗೆ ನಡೀರಿ, ಒಳಗೆ ಜಾಗ ಐತೆ."
ಮಾರ್ಕೆಟ್ಟಿನಲ್ಲಿ ಇಳಿದಾಗ ಎಲ್ಲರ ಮೂಗೂ
ಅವರವರ ಮುಖದಲ್ಲೇ ಇರುತ್ತದೆ.

ಜಿಪ್ಪು ಬೇಡ ಅಂದುಕೊಂಡೆ. ಅದು ಒಂದೊಂದು ಕಡತವನ್ನೂ
ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮಡಿಸುತ್ತದೆ.
ಸೆವೆನ್‌ಜಿಪ್ಪು ಎಲ್ಲರನ್ನೂ ಒಂದೇ ಪಂಕ್ತಿಗೆ ಕೂರಿಸುತ್ತದೆ;
ಜಾಗ ಉಳಿತಾಯ, ಆದರೆ ನಡುವೆ ಒಂದು ಎಲೆ ಹರಿದರೆ
ಮುಂದಿನವರಿಗೂ ಊಟವಿಲ್ಲ.
ಇರಲಿ.

ಮೊದಲ ಸಲ ಬಂದ ಮಾತನ್ನು ಪೂರ್ತಿ ಬರೆದುಕೊಳ್ಳುತ್ತದೆ.
ಮತ್ತೆ ಬಂದರೆ, ಉದ್ದರಿ ಪುಸ್ತಕದ ಶೆಟ್ಟರ ಹಾಗೆ,
ಎರಡು ಗೀಟು: ಮೇಲಿನಂತೆ.
ಇಷ್ಟು ಹಿಂದಕ್ಕೆ ಹೋಗು, ಇಷ್ಟು ಅಕ್ಷರ ತಗೋ.

ಲಗ್ನಪತ್ರಿಕೆ ಎಂದರೆ ಅದಕ್ಕೆ ಪಾಯಸ.
ಗುರುಹಿರಿಯರು ನಿಶ್ಚಯಿಸಿದಂತೆ: ಮೇಲಿನಂತೆ.
ಸಲ್ಲುವ ಶುಭಲಗ್ನದಲ್ಲಿ: ಮೇಲಿನಂತೆ.
ಸಕುಟುಂಬ ಸಪರಿವಾರ ಸಮೇತರಾಗಿ: ಮೇಲಿನಂತೆ.
ಆಶೀರ್ವಾದವೇ ಉಡುಗೊರೆ
ಒಂದು ವರ್ಷ ಹೊಸದಾಗಿ ಬಂತು,
ಮರುವರ್ಷಕ್ಕೆ ಅದೂ.

ಕಾಫಿ ತರಿಸಿಕೊಂಡು ನೋಡುತ್ತಾ ಕೂತೆ. ಹಸಿರು ಪಟ್ಟಿ ತೆವಳುತ್ತಿತ್ತು.
'ತಿಥಿ' ಎಂಬ ಫೋಲ್ಡರಿಗೆ ಬಂದಾಗ ನಿಲ್ಲುತ್ತದೇನೋ ಅಂದುಕೊಂಡರೆ
ಇನ್ನೂ ಚುರುಕಾಯಿತು.
ತಾವು ಆಗಮಿಸಿ — ಗೊತ್ತು, ಮದುವೆಯಲ್ಲೇ ಬರೆದುಕೊಂಡಿದೆ.
ಬಂಧುಮಿತ್ರರು — ಗೊತ್ತು.
ಊಟದ ಸಮಯ, ವಿಳಾಸ, ಬಸ್ಸಿನ ನಂಬರು, ಗೊತ್ತು ಗೊತ್ತು.
ಅಳುವವರಿಗೂ ನಗುವವರಿಗೂ ಒಂದೇ ಮೊಳೆ ಜೋಡಿಸಿದ್ದು
ನಾನೇ ಅಲ್ಲವೇ, ಯಂತ್ರವನ್ನೇಕೆ ಬೈಯಲಿ.

ಭಾವಚಿತ್ರಗಳು ಮಾತ್ರ ಕುಗ್ಗಲಿಲ್ಲ.
ಜೇಪೆಗ್ಗು ಮೊದಲೇ ಹಿಂಡಿಸಿಕೊಂಡು ಬಂದದ್ದು;
ಹಿಂಡಿದ ನಿಂಬೆ ಮತ್ತೆ ಹಿಂಡಿದರೆ ಕೈನೋವಷ್ಟೇ.
ರೇಷನ್ ಕಾರ್ಡಿನಿಂದ, ಗುಂಪಿನ ಫೋಟೋದಿಂದ
ಪಕ್ಕದವರ ಭುಜ ಸಮೇತ ಕತ್ತರಿಸಿ ತಂದ ಮುಖಗಳು.
ಕೋಟು ತೊಡಿಸಿದ್ದು ನಾನು. ಒಂದೇ ಕರಿ ಕೋಟು, ನಾನೂರು ಗಂಡಸರಿಗೆ.
ಆದರೂ ಒಬ್ಬರ ಮುಂದೂ
ಮೇಲಿನಂತೆ ಅನ್ನಲಿಲ್ಲ ಅದು.

ನೆನಪಾಗಿ, ನುಡಿ ಫಾಂಟನ್ನೂ ಒಳಗೆ ಹಾಕಿದೆ.
ಅದಿಲ್ಲದೆ ಯಾರಾದರೂ ಬಿಚ್ಚಿದರೆ
ಮದುಮಕ್ಕಳ ಜಾಗದಲ್ಲಿ
ತಲೆ ಮೇಲೆ ಕಡ್ಡಿ ಹೊತ್ತ ಎ ಎ ಎ ಎ.

ಸಂಜೆ ಐದೂವರೆಗೆ ಒಂದು ಕಡತ ಓದಲಾಗುತ್ತಿಲ್ಲ ಅಂತು.
'ಕೆಂಚೇಗೌಡರದು ಫೈನಲ್ ಹೊಸದು ೨'.
ಡಿಸ್ಕಿನಲ್ಲಿ ಆ ಮೂಲೆಗೇ ಹುಳ.
ಬಿಟ್ಟುಬಿಡಿ, ಅಂದರು ಸೇಟು, ಒಂದು ತಾನೇ.

ಆ ರಾತ್ರಿ ಪ್ಲೇಟು ಮೆಷೀನಿಗೆ ಏರಿತ್ತು.
ಗಂಡಿನ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದವನು
ಕೂಗಾಡಲಿಲ್ಲ. ಚಪ್ಪಲಿ ಬಿಟ್ಟು ಕಾಗದದ ಕಟ್ಟಿನ ಮೇಲೆ ಕೂತು,
"ನನ್ನ ಹೆಸರು ಬಿಟ್ಟಿದ್ದಾರೆ," ಅಂದ.
ಯಾರು ಬಿಟ್ಟರು ಅಂತ ನಾವೂ ಕೇಳಲಿಲ್ಲ.
ಸೇಟು ಪ್ಲೇಟು ತೆಗೆದು ಬಿಸಾಕಿ ಹೊಸದು ಮಾಡಿಸಿದರು,
ಕಾಸು ತೆಗೆದುಕೊಳ್ಳಲಿಲ್ಲ. ಅಂಥ ಜಿಪುಣ.

ಸ್ಯಾಂಪಲ್ ಆಲ್ಬಮ್ಮಿನಲ್ಲಿ ಆ ಕಾರ್ಡು ಸಿಕ್ಕಿತು,
ಹಳದಿ, ಗೋಂದು ಬಿಟ್ಟದ್ದು. ಮೊದಲನೆಯದು.
ಅವನಿಲ್ಲದ್ದು.

ಎದುರಿಗಿಟ್ಟುಕೊಂಡು ಮೊದಲಿನಿಂದ ಹೊಡೆದೆ.
ಕೊನೆಗೆ, ಸುಖಾಗಮನ ಬಯಸುವವರ ಕೆಳಗೆ,
ಬೆರಳೇ ನೆನಪಿಟ್ಟುಕೊಂಡಿದ್ದ ಹೆಸರು: ಸಿದ್ದರೇವಣ್ಣ.
ಉಳಿಸಿ, ಮತ್ತೆ ಕಟ್ಟಲು ಕೊಟ್ಟೆ.

ಮೂವತ್ತು ಸಾವಿರ ಕರೆಯೋಲೆಯಲ್ಲಿ ಎಲ್ಲೂ ಬಾರದ ಹೆಸರು.
ಹಿಂದೆ ತಿರುಗಿ ನೋಡಿರಬೇಕು, ಸಿಕ್ಕಿರಲಾರದು.
ಪೂರ್ತಿ ಬರೆದುಕೊಂಡಿತು.